ಆ ‘ಅಯ್ಯೋ’ ಎಲ್ಲಿ ಹೋಯ್ತು ತಮ್ಮಾ?

ತಮ್ಮಾ,

ನಿನ್ನ ಕಾನ್‌ಸ್ಟನ್ಸ್ ಕಾದಂಬರಿನ ಎರಡು ರಾತ್ರಿ ಕೂತು ಓದಿ ಮುಗಿಸ್ದೆ. ಅಧ್ಯಾಯ ಉದ್ದ ಆಯ್ತಾ, ಪಬ್ಲಿಷರ್ ಯಾರು ಸಿಗ್ತಾರೆ, ಅವೆಲ್ಲ ಬೇರೆ ಯಾರನ್ನಾದ್ರೂ ಕೇಳ್ಕೋ. ನಂಗೆ ಸಿಟ್ಟು ಬಂದಿದ್ದು ಬೇರೆ ಕಡೆ. 407ರಲ್ಲಿ ಬ್ರಿಟನ್ನಿನ ಸೈನಿಕರು ಮೂರನೇ ಕಾನ್‌ಸ್ಟಂಟೈನನ್ನ ರೋಮಿನ ಚಕ್ರವರ್ತಿ ಅಂತ ಕೂಗಿದ್ರು, ಮುಂದಿನ ವರ್ಷ ಅವ್ನು ಸನ್ಯಾಸಿಯಾಗಿದ್ದ ಮಗ ಕಾನ್‌ಸ್ಟನ್ಸನ್ನ ಎಬ್ಬಿಸ್ಕೊಂಡು ಬಂದು ಸೀಸರ್, ಅಂದ್ರೆ ಕಿರಿಯ ಚಕ್ರವರ್ತಿ, ಮಾಡಿ ಸ್ಪೇನಿಗೆ ಅಟ್ಟಿದ, ಇಷ್ಟನ್ನ ಅರ್ಧ ಪುಟದಲ್ಲಿ ಮುಗಿಸಿ ಯುದ್ಧಕ್ಕೆ ನಲವತ್ತು ಪುಟ ಕೊಟ್ಟಿದ್ಯಲ್ಲ ಮಾರಾಯ!

ಆ ಕಾಲದ ಪಾದ್ರಿ ಒರೋಸಿಯಸ್ ಇದನ್ನ ಬರೀತಾ, ಸೈನ್ಯ ಕಳಿಸಿದ ಒಣ ವಾಕ್ಯದ ಮಧ್ಯ ಎರಡು ಪದ ತುರುಕ್ತಾನೆ, ‘ಪ್ರೋ ದೋಲೋರ್’. ನಮ್ಮ ಬಾಯಲ್ಲಿ ‘ಅಯ್ಯೋ ಕರ್ಮವೇ’. ಆಮೇಲೇ ‘ಸನ್ಯಾಸಿಯಿಂದ ಸೀಸರ್ ಆದವನು’ ಅನ್ನೋದು. ನಿನ್ನ ಇಡೀ ಪುಸ್ತಕ ಆ ‘ಅಯ್ಯೋ’ ಒಳಗಿದೆ, ನೀನು ಅದನ್ನ ದಾಟ್ಕೊಂಡು ಓಡಿದ್ದೀಯ.

ನಂಗ್ಯಾಕೆ ಇಷ್ಟು ಉರಿ ಅಂದ್ರೆ, ಇಪ್ಪತ್ತಾರರಲ್ಲಿ ನನ್ನನ್ನೂ ಒಬ್ರು ಹಿರಿಯರು ಸ್ಟೇಜಿಗೆ ಕರೆದು ‘ನನ್ನ ನಂತರ ಇವನೇ’ ಅಂದ್ಬಿಟ್ರು, ಶಾಲು, ಹಾರ, ಫೋಟೋ, ನಾನೂ ಉಬ್ಬಿಹೋದೆ. ಆಮೇಲೆ ಅವರಿಗಾಗದವರ ಪುಸ್ತಕಗಳನ್ನ ಹರಿದು ಹಾಕೋ ರಿವ್ಯೂ ಎಲ್ಲ ನನ್ನ ಪಾಲಿಗೆ. ಒಬ್ಬ ಹಳ್ಳಿ ಮೇಷ್ಟ್ರ ಮೊದಲ ಸಂಕಲನಕ್ಕೆ ನಾನು ಬರೆದಿದ್ದನ್ನ ಈಗ ನೆನೆಸ್ಕೊಂಡ್ರೂ ಮೈ ಬೆವರತ್ತೆ. ಅವ್ರು ಮತ್ತೆ ಬರೀಲಿಲ್ಲ. ಸ್ಪೇನಿನಲ್ಲಿ ದಿದಿಮುಸ್, ವೆರಿನಿಯಾನುಸ್ ಅಂತ ಇಬ್ರು ಇದ್ರಲ್ಲ, ರೋಮಿನಲ್ಲಿ ಆಗಲೇ ಪಟ್ಟದಲ್ಲಿದ್ದ ಚಕ್ರವರ್ತಿ ಹೊನೋರಿಯಸ್‌ನ ನೆಂಟರು, ಸ್ವಂತ ಜಮೀನಿನ ಆಳುಗಳನ್ನ ಕಟ್ಕೊಂಡು ಪಿರನೀಸ್ ಬೆಟ್ಟದ ದಾರಿ ಕಾಯ್ತಿದ್ದವರು? ಕಾನ್‌ಸ್ಟನ್ಸ್ ಹಿಡ್ಕೊಂಡು ಹೋದ, ಅಪ್ಪ ಕೊಲ್ಲಿಸ್ದ. ನೀನು ಅದನ್ನ ವಿಜಯ ಅಂತ ಬರೆದಿದ್ದೀಯ!

ಕಾನ್‌ಸ್ಟನ್ಸ್‌ನ ಪಟ್ಟ ಉಳಿದಿದ್ದು ಹೆಚ್ಚೂಕಡಿಮೆ ಮೂರು ವರ್ಷ. ಸ್ಪೇನನ್ನ ಯಾರ ಕೈಗೆ ಒಪ್ಪಿಸಿ ಬಂದಿದ್ನೋ ಅದೇ ಸೇನಾಪತಿ ಗೆರೋಂಟಿಯಸ್ ತಿರುಗಿಬಿದ್ದು 411ರಲ್ಲಿ ಈಗಿನ ಫ್ರಾನ್ಸಿನ ವಿಯೆನ್ ಊರಲ್ಲಿ ಅವನನ್ನ ಮುಗಿಸ್ದ. ಅದೇ ವರ್ಷ ಆರ್ಲ್ಸ್ ಕೋಟೆಲಿ ಸಿಕ್ಕಿಬಿದ್ದ ಅಪ್ಪ ಜೀವ ಉಳಿದ್ರೆ ಸಾಕು ಅಂತ ರಾಜವಸ್ತ್ರ ಕಳಚಿ ಪಾದ್ರಿ ದೀಕ್ಷೆ ತಗೊಂಡ, ಮಗನ್ನ ಎಲ್ಲಿಂದ ಎಳೆದು ತಂದಿದ್ನೋ ಅಲ್ಲಿಗೇ ಓಡಿದ ಹಾಗೆ. ಆದ್ರೂ ಕೊಂದ್ರು. ಇದು ನಿನ್ನ ಹಸ್ತಪ್ರತಿಯಲ್ಲಿ ಇಲ್ವೇ ಇಲ್ಲ.

ಬೆನ್ನುಡಿ ಕೇಳಿದ್ದೀಯ. ಬರೆಯಲ್ಲ, ಬೇಜಾರಾಗ್ಬೇಡ, ನಿನ್ನ ಗದ್ಯ ಚೆನ್ನಾಗಿದೆ, ಅದಕ್ಕೇ ಬರೆಯಲ್ಲ. ಆ ಅರ್ಧ ಪುಟನ ಮತ್ತೆ ಬರೆದು ಕಳಿಸು. ಕಾನ್‌ಸ್ಟನ್ಸ್ ಹೆಂಡ್ತಿನೂ ಬರ್ಲಿ ಅದರಲ್ಲಿ, ಸ್ಪೇನಿನ ಜರಗೋಜಾದಲ್ಲಿ ಬಿಟ್ಟು ಬಂದನಲ್ಲ, ಅವಳು.

ನಿನ್ನ,
ಅಣ್ಣ