ನಮ್ಮ ಫೋಟೊಗೆ ಮಾತ್ರ ಮಿತಿಯೇ?

ಮಾನ್ಯ ಸಂಪಾದಕರೇ,

ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತೇನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಹಿಂದೆಯೇ ಟವರ್ ಕೂಡ ಹೋಗುತ್ತದೆ, ಆ ಕಷ್ಟ ನಮಗೆ ಅಭ್ಯಾಸವಾಗಿದೆ. ಆದರೆ ಸಿಗ್ನಲ್ ಇದ್ದಾಗಲೂ ತೆರೆಯದ ಸರ್ಕಾರಿ ಸೈಟುಗಳಿಗೆ ಏನು ಹೇಳೋಣ?

ಮೊನ್ನೆ ಅಡಿಕೆ ಸುಲಿಯಲು ಹೋಗುವ ಹೆಂಗಸೊಬ್ಬರು ಮಗಳ ಸ್ಕಾಲರ್‌ಶಿಪ್ ಅರ್ಜಿಗೆ ಬಂದಿದ್ದರು. ಕೊನೆಯ ದಿನಕ್ಕೆ ಎರಡೇ ದಿನ ಬಾಕಿ. ಅವರ ಕೀಪ್ಯಾಡ್ ಮೊಬೈಲಿಗೆ ಒಟಿಪಿ ತಕ್ಷಣ ಬಂತು, ಅದನ್ನು ಹಾಕಬೇಕಾದ ಜಾಗ ಮಾತ್ರ ಸ್ಕ್ರೀನ್ ಮೇಲೆ ಬರಲೇ ಇಲ್ಲ. ಬರುವ ಹೊತ್ತಿಗೆ ಒಟಿಪಿ ಅವಧಿ ಮುಗಿದಿತ್ತು. ಹೀಗೆ ಮೂರು ಸಲ. ನಾಲ್ಕನೇ ಸಲ ಎಲ್ಲ ತುಂಬಿ ಸಬ್‌ಮಿಟ್ ಒತ್ತಿದರೆ, ಮತ್ತೆ ಲಾಗಿನ್ ಆಗಿ ಅಂತ ಬಂತು, ತುಂಬಿದ್ದೆಲ್ಲ ಹೋಯಿತು. ಮಧ್ಯಾಹ್ನದ ಬಸ್ಸು ತಪ್ಪಿತು, ಆ ದಿನದ ಕೂಲಿಯೂ ಹೋಯಿತು. "ನಾನೇ ಏನಾದ್ರೂ ತಪ್ಪು ಕೊಟ್ನಾ ಅಣ್ಣಾ?" ಅಂತ ಕೇಳಿದರು. ನನಗೆ ಜಾಸ್ತಿ ಬೇಸರವಾಗಿದ್ದು ಆ ಮಾತಿಗೆ.

ಆ ಸೈಟಿನ ಮೊದಲ ಪುಟದಲ್ಲಿ ಸಮಾರಂಭದ ಫೋಟೊಗಳು ಒಂದರ ಹಿಂದೆ ಒಂದು ಓಡುತ್ತವೆ. ಇಳಿಸಿಕೊಂಡು ನೋಡಿದೆ, ಒಂದೊಂದೂ 3 ಎಂಬಿ. ನೆಟ್ ಸೆಕೆಂಡಿಗೆ 200 ಕಿಲೋಬಿಟ್‌ಗೆ ಇಳಿದಾಗ, ನಮ್ಮಲ್ಲಿ ಅದು ದಿನವೂ ಇಳಿಯುತ್ತದೆ, ಅಂಥ ಒಂದು ಫೋಟೊ ಬರಲು ಎರಡು ನಿಮಿಷ ಬೇಕು. ಅದೇ ಸೈಟು ಆ ಹುಡುಗಿಯ ಫೋಟೊ 50 ಕೆಬಿ ದಾಟಿದರೆ ತೆಗೆದುಕೊಳ್ಳುವುದಿಲ್ಲ. ನಮಗೆ ಹಾಕಿದ ಮಿತಿ ಅವರ ಫೋಟೊಗೂ ಇರಬೇಕು ಅಲ್ವಾ? ಅರ್ಜಿ ತುಂಬಲು ಬಂದವರಿಗೆ ಆ ಫೋಟೊಗಳು ಬೇಕಾಗಿಯೇ ಇಲ್ಲ.

ಕೇಳಿದರೆ ಸರ್ವರ್ ಬ್ಯುಸಿ ಅನ್ನುತ್ತಾರೆ. ಕೊನೆಯ ದಿನಗಳಲ್ಲಿ ಜನ ಜಾಸ್ತಿ ಇರುತ್ತಾರೆ, ನಿಜ. ಹಾಗಾದರೆ ಪುಟ ಇನ್ನೂ ಹಗುರ ಇರಬೇಕಿತ್ತು. ತುಂಬಿದಷ್ಟನ್ನು ಉಳಿಸಿಟ್ಟು ಮಾರನೇ ದಿನ ಅಲ್ಲಿಂದಲೇ ಮುಂದುವರಿಸಲು ಬಿಡಿ, ಅರ್ಧ ಕಷ್ಟ ಕಮ್ಮಿಯಾಗುತ್ತದೆ. ಸೈಟು ಮಾಡಿದವರು ಆಫೀಸಿನ ವೈಫೈಯಲ್ಲಿ ನೋಡಿ ಸುಮ್ನಾಗಬಾರದು. ಕಡಿಮೆ ಬೆಲೆಯ ಮೊಬೈಲ್ ಹಿಡಿದು ನಮ್ಮ ಅಂಗಡಿಗೆ ಬರಲಿ, ಒಂದು ಅರ್ಜಿ ಪೂರ್ತಿ ಹಾಕಲಿ.

ಆ ಅರ್ಜಿ ಹೋಗಿದ್ದು ಮರುದಿನ ಬೆಳಗಿನ ಜಾವ ಐದಕ್ಕೆ. ಒಟಿಪಿ ಬೇಕಲ್ಲ ಅಂತ ಆ ತಾಯಿ ರಾತ್ರಿಯಿಡೀ ತಮ್ಮ ಮೊಬೈಲನ್ನು ನನ್ನ ಹತ್ತಿರವೇ ಬಿಟ್ಟು ಹೋಗಿದ್ದರು.

– ಒಬ್ಬ ಓದುಗ, ತೀರ್ಥಹಳ್ಳಿ ತಾಲ್ಲೂಕು