ಗೈಡ್ ಕ್ಯಾಮೆರಾದ ಚಿತ್ರದಲ್ಲಿ ಅಡ್ಡಗೆರೆ: ಬದಲಿ ಕ್ಯಾಮೆರಾ ಕೋರಿ ದೂರು

ಬೀದರ್
16 ಮಾರ್ಚ್ 2026

ಗೆ,
ಗ್ರಾಹಕರ ದೂರು ವಿಭಾಗದ ಅಧಿಕಾರಿಗಳು

ಮಾನ್ಯರೇ,

ಜನವರಿ ಮೊದಲ ವಾರ ನಿಮ್ಮ ಆನ್‌ಲೈನ್ ಅಂಗಡಿಯಿಂದ 14,500 ರೂಪಾಯಿ ಕೊಟ್ಟು ಒಂದು ಗೈಡ್ ಕ್ಯಾಮೆರಾ, ಅಂದರೆ ಆಕಾಶದ ಫೋಟೋ ತೆಗೆಯುವಾಗ ದೂರದರ್ಶಕ ನಕ್ಷತ್ರದ ಜಾಡು ತಪ್ಪದಂತೆ ಕಾಯುವ ಕ್ಯಾಮೆರಾ, ತರಿಸಿಕೊಂಡೆ. ಮೊದಲ ರಾತ್ರಿಯಿಂದಲೇ ಅದರ ಚಿತ್ರದ ತುಂಬ ಅಡ್ಡಗೆರೆಗಳು. ಫೆಬ್ರವರಿ 2ರಂದು ದೂರು ಕೊಟ್ಟೆ. ಇಲ್ಲಿಯವರೆಗೆ ನಿಮ್ಮಿಂದ ಮೂರು ಉತ್ತರ ಬಂದಿವೆ. ಮೂರರಲ್ಲೂ ತಪ್ಪು ನನ್ನದೇ ಎನ್ನುವ ಧಾಟಿ ಇದೆ. ಅದಕ್ಕೇ ನಾನು ಏನೇನು ಬದಲಿಸಿ ನೋಡಿದೆ ಎಂದು ಪೂರ್ತಿ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೆ ಓದಿ.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 18 ಡಿಗ್ರಿ ಮಾತ್ರ ಮೇಲಿರುತ್ತದೆ. ಊರೊಳಗಿನ ದೀಪಗಳ ನಡುವೆ ಅದನ್ನು ಹಿಡಿದು ಮೌಂಟ್ (ದೂರದರ್ಶಕವನ್ನು ಹೊತ್ತು ತಿರುಗಿಸುವ ಸ್ಟ್ಯಾಂಡ್) ಹೊಂದಿಸುವುದು ಕಷ್ಟ. ಹಾಗಾಗಿ ಜನವರಿ ಅಮಾವಾಸ್ಯೆಗೆ ಅಷ್ಟೂರಿನಾಚೆ ಗೆಳೆಯನ ಹೊಲಕ್ಕೆ ಹೋದೆವು. ತೊಗರಿ ಕಟಾವಾಗಿತ್ತು. ಮನೆಯವರನ್ನು ಕೇಳಿ ಶಾಲೆಯ ಐದು ಮಕ್ಕಳನ್ನೂ ಕರೆದುಕೊಂಡು ಹೋಗಿದ್ದೆ. ಓರಿಯನ್ ನೀಹಾರಿಕೆಯ ಫೋಟೋ ತೆಗೆಯುವುದನ್ನು ಅವರಿಗೆ ತೋರಿಸಬೇಕಿತ್ತು.

ಲ್ಯಾಪ್‌ಟಾಪಿನಲ್ಲಿ ಪಿಎಚ್‌ಡಿ2 ಎಂಬ ಗೈಡಿಂಗ್ ಸಾಫ್ಟ್‌ವೇರ್ ತೆರೆದು 2 ಸೆಕೆಂಡಿನ ಎಕ್ಸ್‌ಪೋಷರ್ ಇಟ್ಟೆ. ಪರದೆಯ ತುಂಬ ಬಿಳಿ ಚುಕ್ಕೆ, ಅವುಗಳ ಮೇಲೆ ಅಡ್ಡಡ್ಡ ಪಟ್ಟೆ. ಒಬ್ಬ ಹುಡುಗಿ ಕೇಳಿದಳು, "ಸರ್, ಇವೆಲ್ಲಾ ಚುಕ್ಕಿನೇ ಏನ್ರೀ?" ಅಲ್ಲಮ್ಮಾ ಎಂದೆ. ನಿಜವಾದ ಚುಕ್ಕಿ ಯಾವುದು ಎಂದು ತೋರಿಸಲು ನನಗೂ ಆಗಲಿಲ್ಲ.

ಫೋನಿನಲ್ಲಿ ನನ್ನ ಜೊತೆ ಮಾತಾಡಿದ ನಿಮ್ಮ ಸಿಬ್ಬಂದಿಗೆ ಗೈಡ್ ಕ್ಯಾಮೆರಾದ ಕೆಲಸವೇ ಗೊತ್ತಿದ್ದಂತೆ ಕಾಣಲಿಲ್ಲ. ಆದ್ದರಿಂದ ಎರಡು ಮಾತು. ಭೂಮಿ ತಿರುಗುವುದರಿಂದ ನಕ್ಷತ್ರಗಳು ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್) ಸರಿಯುತ್ತವೆ. ಮೌಂಟ್ ಅವುಗಳ ಹಿಂದೆ ಹೋಗುತ್ತದೆ, ಆದರೆ ಅದರ ಗೇರಿನಲ್ಲಿ ಸಣ್ಣ ಏರುಪೇರು ಇದ್ದೇ ಇರುತ್ತದೆ. ಗೈಡ್ ಕ್ಯಾಮೆರಾ ಒಂದು ನಕ್ಷತ್ರವನ್ನು ಕಾಯುತ್ತಾ ಕೂರುತ್ತದೆ. ಅದು ಕದಲಿದರೆ ಸಾಫ್ಟ್‌ವೇರ್ ಮೌಂಟನ್ನು ತಿದ್ದುತ್ತದೆ. ಚಿತ್ರದಲ್ಲಿ ನಾಯ್ಸ್, ಅಂದರೆ ಬೇಡದ ಚುಕ್ಕೆ ಗೆರೆ, ಜಾಸ್ತಿಯಾದರೆ ನಕ್ಷತ್ರದ ಜಾಗ ತಪ್ಪಾಗಿ ಲೆಕ್ಕವಾಗುತ್ತದೆ. ಆಗ ನೆಟ್ಟಗಿದ್ದ ಮೌಂಟನ್ನೂ ಸಾಫ್ಟ್‌ವೇರೇ ಆಚೀಚೆ ಎಳೆಯುತ್ತದೆ. ಅವತ್ತು ತೆಗೆದ 3 ನಿಮಿಷದ 40 ಫೋಟೋಗಳಲ್ಲಿ 34 ಹೀಗೇ ಹಾಳಾದವು.

ನನ್ನ ಕಡೆಯದೂ ಒಂದು ತಪ್ಪಿತ್ತು, ಹೇಳಿಬಿಡುತ್ತೇನೆ. ಮೊದಲ ರಾತ್ರಿ ಗೇನ್ (ಸೆನ್ಸರಿನ ಸಿಗ್ನಲನ್ನು ಹಿಗ್ಗಿಸುವ ಮಟ್ಟ) ಪೂರ್ತಿ ಮೇಲಕ್ಕೆ ಇಟ್ಟಿದ್ದೆ. ಆಮೇಲೆ ಅರ್ಧಕ್ಕೆ ಇಳಿಸಿದೆ. ಚುಕ್ಕೆ ಕಡಿಮೆಯಾದವು, ಗೆರೆ ಹೋಗಲಿಲ್ಲ.

ಇನ್ನು ನಿಮ್ಮ ಉತ್ತರಗಳು. ಮೊದಲನೆಯದು, "ನಿಮ್ಮ ಕಡೆ ಬಿಸಿಲು ಜಾಸ್ತಿ, ಸೆನ್ಸರ್ ಬಿಸಿಯಾಗಿ ನಾಯ್ಸ್ ಬರುತ್ತದೆ." ಬೀದರಿನ ಜನವರಿ ರಾತ್ರಿ ಹೇಗಿರುತ್ತದೆ ಎಂದು ಬಂದು ನೋಡಬೇಕು. ಅವತ್ತು ಮಕ್ಕಳು ಕಂಬಳಿ ಹೊದ್ದು ಕೂತಿದ್ದರು. ಅಲ್ಲದೆ, ಬಿಸಿಯಿಂದ ಹೆಚ್ಚಾಗುವುದು ಹಾಟ್ ಪಿಕ್ಸೆಲ್, ಅಂದರೆ ಬಿಡಿ ಬಿಡಿ ಚುಕ್ಕೆ. ನನ್ನ ದೂರು ಇರುವುದು ಪಟ್ಟೆಗಳ ಬಗ್ಗೆ.

ಎರಡನೆಯದು, "ಡಾರ್ಕ್ ಲೈಬ್ರರಿ ಮಾಡಿಕೊಳ್ಳಿ." ಮಾಡಿದೆ. ಮುಚ್ಚಳ ಹಾಕಿ ತೆಗೆದ ಚಿತ್ರಗಳ ಸರಾಸರಿಯನ್ನು ಪ್ರತಿ ಚಿತ್ರದಿಂದ ಕಳೆಯುವುದೇ ಡಾರ್ಕ್ ಲೈಬ್ರರಿಯ ಕೆಲಸ, ಅಲ್ವಾ? ಹಾಗೆ ಕಳೆಯಬೇಕಾದರೆ ಕಲೆ ಅದೇ ಜಾಗದಲ್ಲಿ ಕೂತಿರಬೇಕು. ಹಾಟ್ ಪಿಕ್ಸೆಲ್‌ಗಳು ಹಾಗೆ ಕೂತಿದ್ದವು, ಹೋದವು. ಈ ಗೆರೆಗಳು ಕೂರುವುದಿಲ್ಲ. ಒಂದು ಚಿತ್ರದಲ್ಲಿ ಮೇಲಿದ್ದ ಪಟ್ಟೆ ಮುಂದಿನದರಲ್ಲಿ ನಡುವೆ, ಅದರ ಮುಂದಿನದರಲ್ಲಿ ಕೆಳಗೆ. ಇದ್ದಲ್ಲಿ ಇರದ ಗೆರೆಯನ್ನು ಕಳೆಯುವುದು ಹೇಗೆ? ಸಾಫ್ಟ್‌ವೇರಿನಲ್ಲಿರುವ 3x3 ಮೀಡಿಯನ್ ಫಿಲ್ಟರನ್ನೂ ಹಾಕಿದೆ. ಅದು ಪಕ್ಕದ ಪಿಕ್ಸೆಲ್‌ಗಳನ್ನು ನೋಡಿ ಬಿಡಿ ಚುಕ್ಕೆಗಳನ್ನು ಅಳಿಸುತ್ತದೆ. ಪಟ್ಟೆ ಎಂಟು ಹತ್ತು ಪಿಕ್ಸೆಲ್ ದಪ್ಪ ಇದೆ. ಆ ಫಿಲ್ಟರಿಗೆ ಅದು ಬಗ್ಗುವುದಿಲ್ಲ.

ಚಲಿಸುವ ಗೆರೆ ಎಂದರೆ ಕರೆಂಟಿನದ್ದೋ ಕೇಬಲಿನದ್ದೋ ತೊಂದರೆ ಇರಬಹುದು ಎಂದು ನನಗೂ ಅನಿಸಿತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬರೀ ಬ್ಯಾಟರಿಯಲ್ಲಿ ನಡೆಸಿದೆ. ಮೌಂಟ್, ಮಂಜು ತಡೆಯುವ ಹೀಟರ್ ಎರಡನ್ನೂ ಆರಿಸಿದೆ. ಯುಎಸ್‌ಬಿ ಹಬ್ ತೆಗೆದು ನೇರ ಜೋಡಿಸಿದೆ. 5 ಮೀಟರ್ ಕೇಬಲ್ ಬಿಟ್ಟು ಒಂದೂವರೆ ಮೀಟರಿನ ಹೊಸದು ತಂದೆ. ಮನೆಯಲ್ಲಿ ಮುಚ್ಚಳ ಹಾಕಿ, ಕತ್ತಲ ಕೋಣೆಯಲ್ಲಿ, ಮೇಲೆ ಕಪ್ಪು ಬಟ್ಟೆ ಹೊದಿಸಿ ತೆಗೆದೆ. ಗೆರೆ ಇದ್ದೇ ಇತ್ತು.

ಕೊನೆಗೆ ಬಸವಕಲ್ಯಾಣದ ಗೆಳೆಯರೊಬ್ಬರು ತಮ್ಮ ಕ್ಯಾಮೆರಾ ತಂದರು. ಅದೇ ಕಂಪನಿ, ಅದೇ ಮಾಡೆಲ್. ನನ್ನ ಲ್ಯಾಪ್‌ಟಾಪ್, ನನ್ನ ಕೇಬಲ್, ಅದೇ ಗೇನ್, ಅದೇ 2 ಸೆಕೆಂಡ್, ಮುಚ್ಚಳ ಹಾಕಿ. ಅವರದರಲ್ಲಿ ನಾಲ್ಕಾರು ಚುಕ್ಕೆ ಬಿಟ್ಟರೆ ಚಿತ್ರ ಶುದ್ಧ. ನನ್ನ ಕ್ಯಾಮೆರಾವನ್ನು ಅವರ ಲ್ಯಾಪ್‌ಟಾಪಿಗೆ ಅವರ ಕೇಬಲಿನಲ್ಲೇ ಹಾಕಿದೆವು. ಪಟ್ಟೆ ಅಲ್ಲೂ ಬಂತು. ಬದಲಿಸಲು ಇನ್ನು ಏನೂ ಉಳಿದಿಲ್ಲ. ದೋಷ ಕ್ಯಾಮೆರಾದೊಳಗೇ ಇದೆ.

ಇಷ್ಟನ್ನೂ ತಿಳಿಸಿದ ಮೇಲೆ ಬಂದ ಮೂರನೆಯ ಉತ್ತರ ನನಗೆ ಜಾಸ್ತಿ ನೋವು ಕೊಟ್ಟಿತು. ಕ್ಯಾಮೆರಾವನ್ನು ನನ್ನ ಖರ್ಚಿನಲ್ಲಿ ಕಳಿಸಬೇಕಂತೆ, ದೋಷ ಸಿಗದಿದ್ದರೆ ಪರೀಕ್ಷೆಯ ಶುಲ್ಕವನ್ನೂ ಕಟ್ಟಬೇಕಂತೆ. ವಾರಂಟಿ ಇರುವ, ಬಂದ ದಿನದಿಂದಲೇ ಕೆಟ್ಟಿರುವ ವಸ್ತುವಿಗೆ ಇದು ನ್ಯಾಯವಲ್ಲ.

ನನಗೆ ಬೇಕಿರುವುದು ಹೊಸ ಕ್ಯಾಮೆರಾ, ಇಲ್ಲವೇ ಪೂರ್ತಿ ಹಣ. ಹೋಗುವ ಬರುವ ಕೊರಿಯರ್ ಖರ್ಚು ನಿಮ್ಮದು. ರಿಪೇರಿ ಒಪ್ಪುವುದಿಲ್ಲ, ಏಕೆಂದರೆ ನಮಗೆ ಆಕಾಶ ಸಿಗುವ ದಿನಗಳೇ ಕಡಿಮೆ. ಶಿವರಾತ್ರಿ ಅಮಾವಾಸ್ಯೆ ಹೋಯಿತು, ಯುಗಾದಿ ಅಮಾವಾಸ್ಯೆ ಬಾಗಿಲಲ್ಲಿದೆ. ಓರಿಯನ್ ಪಶ್ಚಿಮಕ್ಕೆ ಇಳಿಯುತ್ತಿದೆ. ಏಪ್ರಿಲ್, ಮೇ ತಿಂಗಳಲ್ಲಿ ದಕ್ಷಿಣಕ್ಕೆ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಸುಮಾರು 25 ಡಿಗ್ರಿ ಮೇಲೆ ಬರುತ್ತದೆ. ಅದನ್ನಾದರೂ ತೋರಿಸುತ್ತೇನೆ ಎಂದು ಮಕ್ಕಳಿಗೆ ಮಾತು ಕೊಟ್ಟಿದ್ದೇನೆ. ಜೂನಿನಲ್ಲಿ ಮಳೆಗಾಲ ಶುರುವಾದರೆ ಮುಗಿಯಿತು.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಸಿಕ್ಕಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ಆ ತಿಂಗಳು ಮುಗಿದು ಎರಡು ವಾರವಾಯಿತು. ಈ ಪತ್ರ ತಲುಪಿದ ಹತ್ತು ದಿನದೊಳಗೆ ಉತ್ತರ ಬರದಿದ್ದರೆ 1915 ಸಹಾಯವಾಣಿಗೆ ದೂರು ದಾಖಲಿಸುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ನಾನಿರುವ ಜಿಲ್ಲೆಯ ಆಯೋಗದಲ್ಲೇ ಅರ್ಜಿ ಹಾಕಬಹುದು, ಅದನ್ನೂ ಹಾಕುತ್ತೇನೆ.

ಎರಡೂ ಕ್ಯಾಮೆರಾಗಳಿಂದ ಮುಚ್ಚಳ ಹಾಕಿ ತೆಗೆದ ಹತ್ತು ಹತ್ತು ಚಿತ್ರ, ಪಿಎಚ್‌ಡಿ2 ಲಾಗ್ ಫೈಲ್ ಮತ್ತು ಬಿಲ್ಲಿನ ಪ್ರತಿ ಜೊತೆಗಿವೆ. ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ.

ಇಂತಿ,
ನಿಮ್ಮ ಗ್ರಾಹಕ