ಲ್ಯಾಬ್ ಕಪಾಟನ್ನು ಮೊದಲು ತೆರೆಸಿ

ಮಾನ್ಯರೇ,

ಶಾಲಾ–ಕಾಲೇಜುಗಳ ಸುರಕ್ಷತೆ ಎಂದರೆ ಸಿಸಿ ಕ್ಯಾಮೆರಾ, ಕಾಂಪೌಂಡ್ ಗೋಡೆ, ಬಸ್ಸಿನ ವೇಗ ಇಷ್ಟೇ ಚರ್ಚೆಯಾಗುತ್ತದೆ. ಅವೆಲ್ಲ ಬೇಕು, ಸರಿ. ಆದರೆ ತಪಾಸಣೆಗೆ ಬಂದವರು ರಸಾಯನಶಾಸ್ತ್ರ ಲ್ಯಾಬ್‌ನ ಹಿಂದಿನ ಕೋಣೆಯ ಕಪಾಟನ್ನು ತೆರೆಸಿ ನೋಡುವುದು ಅಪರೂಪ.

ಎಷ್ಟೋ ಕಡೆ ಬಾಟಲಿಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿಟ್ಟಿರುತ್ತಾರೆ. ಹುಡುಕಲು ಸುಲಭ, ನೋಡಲೂ ಅಚ್ಚುಕಟ್ಟು. ಆದರೆ ಆ ಕ್ರಮದಲ್ಲಿ ‘ಎ’ ಸಾಲಿಗೆ ಅಸಿಟೋನ್ ಮತ್ತು ಅಮೋನಿಯಂ ನೈಟ್ರೇಟ್ ಒಟ್ಟಿಗೆ ಬಂದು ಕೂರುತ್ತವೆ. ಮೊದಲನೆಯದು ಕಿಡಿ ತಾಕಿದರೆ ಹೊತ್ತಿಕೊಳ್ಳುವ ದ್ರವ, ಇನ್ನೊಂದು ಉರಿಯನ್ನು ಹೆಚ್ಚಿಸುವ ಉತ್ಕರ್ಷಣಕಾರಿ. ಆಸಿಡ್‌ಗಳನ್ನೆಲ್ಲ ಒಂದೇ ಕಡೆ ಇಟ್ಟರೂ ಸಮಸ್ಯೆ ತಪ್ಪದು: ನೈಟ್ರಿಕ್ ಆಮ್ಲ ಸೋರಿ ಪಕ್ಕದ ಅಸಿಟಿಕ್ ಆಮ್ಲಕ್ಕೆ ಸೇರಿದರೆ ಬೆಂಕಿ, ಸ್ಫೋಟ ಎರಡೂ ಸಾಧ್ಯ. ಉರಿಯುವ ದ್ರವಗಳು, ಉತ್ಕರ್ಷಣಕಾರಿಗಳು, ಆಮ್ಲಗಳು, ಕ್ಷಾರಗಳು, ವಿಷವಸ್ತುಗಳು, ಹೀಗೆ ಗುಣ ನೋಡಿ ಬೇರೆ ಬೇರೆ ಇಡಬೇಕು. ನೈಟ್ರಿಕ್ ಆಮ್ಲಕ್ಕೆ ಪ್ರತ್ಯೇಕ ಟ್ರೇ ಕೊಡಬೇಕು. ದ್ರವ ತುಂಬಿದ ಯಾವ ಬಾಟಲಿಯೂ ಕಣ್ಣಿನ ಮಟ್ಟಕ್ಕಿಂತ ಮೇಲಿರಬಾರದು.

ಹಳೆಯ ಬಾಟಲಿಗಳ ವಿಷಯ ಇನ್ನೂ ಗಂಭೀರ. ತೆರೆದಿಟ್ಟ ಈಥರ್‌ಗೆ ಗಾಳಿ, ಬೆಳಕು ತಾಗುತ್ತಾ ಹೋದರೆ ಪೆರಾಕ್ಸೈಡ್ ಎಂಬ ಸ್ಫೋಟಕ ವಸ್ತು ಉಂಟಾಗುತ್ತದೆ. ಪಿಕ್ರಿಕ್ ಆಮ್ಲ ನೀರಿನಲ್ಲಿ ತೋಯ್ದಿರುವವರೆಗೆ ತೊಂದರೆಯಿಲ್ಲ, ಒಣಗಿದರೆ ಸ್ಫೋಟಕ. ಮುಚ್ಚಳದ ಸುತ್ತ ಹರಳು ಕಂಡರೆ ಅದನ್ನು ತಿರುಗಿಸಲು ಹೋಗಲೇಬೇಡಿ, ಆ ತಿಕ್ಕಾಟವೇ ಸಾಕಾಗಬಹುದು. ಬಾಟಲಿಯನ್ನು ಅಲುಗಿಸದೆ ಕೋಣೆಗೆ ಬೀಗ ಹಾಕಿ ತಜ್ಞರನ್ನು ಕರೆಸಬೇಕು. ಬಾಟಲಿ ತೆರೆದ ದಿನವೇ ಅದರ ಮೇಲೆ ತಾರೀಖು ಬರೆದಿಟ್ಟರೆ ಪರಿಸ್ಥಿತಿ ಇಲ್ಲಿಯವರೆಗೆ ಬರುವುದಿಲ್ಲ.

ಮಕ್ಕಳು ಸುಟ್ಟುಕೊಳ್ಳಲು ಇನ್ನೊಂದು ಕಾರಣ ಮೆಥನಾಲ್, ಬೇಗ ಹೊತ್ತಿಕೊಳ್ಳುವ ಒಂದು ಬಗೆಯ ಆಲ್ಕೋಹಾಲ್. ಲವಣಗಳ ಬಣ್ಣದ ಜ್ವಾಲೆ ತೋರಿಸಲು ಬಟ್ಟಲಿಗೆ ಮೆಥನಾಲ್ ಸುರಿದು ಹಚ್ಚುತ್ತಾರೆ. ಅದರ ಜ್ವಾಲೆ ಹಗಲಿನಲ್ಲಿ ಬಹುತೇಕ ಕಾಣುವುದೇ ಇಲ್ಲ. ಆರಿತೆಂದುಕೊಂಡು ದೊಡ್ಡ ಬಾಟಲಿಯಿಂದ ಮತ್ತೆ ಸುರಿದಾಗ ಒಳಗಿನ ಆವಿಗೆ ಬೆಂಕಿ ಹತ್ತಿ, ಬಾಟಲಿಯ ಬಾಯಿಂದ ಜ್ವಾಲೆ ಮೀಟರುಗಟ್ಟಲೆ ಚಿಮ್ಮುತ್ತದೆ. ಮುಂದಿನ ಬೆಂಚಿನಲ್ಲಿ ಕೂತ ಮಕ್ಕಳ ಮುಖಕ್ಕೇ ಅದು ಬಡಿಯುತ್ತದೆ. ಹಲವು ದೇಶಗಳಲ್ಲಿ ಇದೇ ಪ್ರಯೋಗ ಮತ್ತೆ ಮತ್ತೆ ಮಕ್ಕಳನ್ನು ಸುಟ್ಟಿದೆ. ಲವಣದ ದ್ರಾವಣದಲ್ಲಿ ನೆನೆಸಿದ ಮರದ ಕಡ್ಡಿಯನ್ನು ಬರ್ನರ್ ಜ್ವಾಲೆಗೆ ಹಿಡಿದರೆ ಅದೇ ಬಣ್ಣಗಳು ಕಾಣುತ್ತವೆ, ಮೆಥನಾಲ್ ಏಕೆ ಬೇಕು? ಸ್ಪಿರಿಟ್ ಲ್ಯಾಂಪಿಗೂ ಇದೇ ಎಚ್ಚರ ಬೇಕು. ಆರಿಸಿ, ಪೂರ್ತಿ ತಣ್ಣಗಾದ ಮೇಲೆ, ತರಗತಿಯಿಂದ ದೂರ ಒಯ್ದು ತುಂಬಬೇಕು, ಅದೂ ಮೂರನೇ ಎರಡು ಭಾಗ ಮಾತ್ರ.

ಕಣ್ಣಿನ ವಿಷಯದಲ್ಲಿ ಆಸಿಡ್‌ಗೆ ಹೆದರುವಷ್ಟು ಕಾಸ್ಟಿಕ್ ಸೋಡಾದಂಥ ಕ್ಷಾರಕ್ಕೆ ಯಾರೂ ಹೆದರುವುದಿಲ್ಲ. ಕ್ಷಾರ ಅಂಗಾಂಶವನ್ನು ಕರಗಿಸುತ್ತಾ ಒಳಕ್ಕೆ ಇಳಿಯುತ್ತದೆ, ಆರಂಭದಲ್ಲಿ ನೋವು ಕಡಿಮೆಯಿದ್ದರೂ ಹಾನಿ ನಿಲ್ಲುವುದಿಲ್ಲ. ತಕ್ಷಣ ರೆಪ್ಪೆ ಬಿಡಿಸಿ ಹಿಡಿದು ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು, ಆಮೇಲೆ ಆಸ್ಪತ್ರೆ. ಕ್ಷಾರಕ್ಕೆ ಆಮ್ಲ ಹಾಕಿ ಸರಿಪಡಿಸುವ ಸಾಹಸ ಬೇಡವೇ ಬೇಡ. ಕಣ್ಣು ತೊಳೆಯುವ ನಲ್ಲಿ 10 ಸೆಕೆಂಡಿನಲ್ಲಿ ತಲುಪುವಷ್ಟು ಹತ್ತಿರವಿರಬೇಕು, ದಾರಿಯಲ್ಲಿ ಸ್ಟೂಲು, ಬ್ಯಾಗು ಇರಬಾರದು. ವಾರಕ್ಕೊಮ್ಮೆ ಅದನ್ನು ತೆರೆದು ಬಿಡದಿದ್ದರೆ ಬೇಕಾದ ದಿನ ಬರುವುದು ತುಕ್ಕು ನೀರು. ಓದುವ ಕನ್ನಡಕ ರಕ್ಷಣೆಯಲ್ಲ, ಪಕ್ಕಗಳೂ ಮುಚ್ಚುವ ಗಾಗಲ್ಸ್ ಪ್ರತಿ ವಿದ್ಯಾರ್ಥಿಗೂ ಬೇಕು. ಅಂದಹಾಗೆ, ದ್ರಾವಣದ ಗಾಢತೆ ಅಳೆಯುವ ಟೈಟ್ರೇಷನ್ ಪ್ರಯೋಗಕ್ಕೆ 0.1 ಮೋಲಾರ್‌ನಷ್ಟು ತೆಳು ದ್ರಾವಣ ಸಾಕು. ಅಭ್ಯಾಸಬಲದಿಂದ ಗಾಢ ದ್ರಾವಣ ಮಾಡಿಡುವುದರಿಂದ ಅಪಾಯ ಹೆಚ್ಚುತ್ತದೆಯೇ ಹೊರತು ಕಲಿಕೆಯಲ್ಲ.

ಇದೆಲ್ಲ ಬಹುತೇಕ ಅಧ್ಯಾಪಕರಿಗೆ ಗೊತ್ತು. ಆದರೂ ಹಳೆಯ ಬಾಟಲಿಗಳು ಕದಲದಿರುವುದು ಏಕೆ? ಸ್ಟಾಕ್ ರಿಜಿಸ್ಟರ್‌ನಲ್ಲಿರುವುದು ಕಪಾಟಿನಲ್ಲೂ ಇರಬೇಕು, ಇಲ್ಲದಿದ್ದರೆ ಲೆಕ್ಕ ಕೊಡಬೇಕು. ಹೊರಗೆ ಹಾಕೋಣವೆಂದರೆ ವಿಲೇವಾರಿಗೆ ಹಣವಿಲ್ಲ. ಕೊನೆಗೆ ಯಾರೋ ಸಿಂಕಿಗೆ ಸುರಿಯುತ್ತಾರೆ, ಇಲ್ಲವೇ ಬಾಟಲಿಗಳು ಮುಂದಿನವರಿಗೆ ಉಳಿಯುತ್ತವೆ. ಆಡಳಿತ ಮಂಡಳಿಗಳು ವರ್ಷಕ್ಕೊಮ್ಮೆಯಾದರೂ ಅಧ್ಯಾಪಕರ ಜೊತೆ ಕೂತು ಬೇಡವಾದ ರಾಸಾಯನಿಕಗಳ ಪಟ್ಟಿ ಮಾಡಿ, ರಿಜಿಸ್ಟರ್‌ನಿಂದ ಕಡಿತಗೊಳಿಸಲು ಲಿಖಿತ ಅನುಮತಿ ನೀಡಬೇಕು. ಪರವಾನಗಿ ಇರುವ ಅಪಾಯಕಾರಿ ತ್ಯಾಜ್ಯ ಸಂಸ್ಥೆಗೆ ಅವನ್ನು ಒಪ್ಪಿಸುವ ವೆಚ್ಚವನ್ನು ಲ್ಯಾಬ್ ಬಜೆಟ್‌ನಲ್ಲೇ ಸೇರಿಸಬೇಕು.

– ರಸಾಯನಶಾಸ್ತ್ರ ಉಪನ್ಯಾಸಕ